ಕರಿಹೊಗೆಯ ಕಾರಿನಲ್ಲಿ ಬೀಗರು

ಬೆಳಗಿನ ಆರೂವರೆಗೆ ಫೋನು ಬಡಿದುಕೊಂಡಾಗ ಮೈಲೇಶನ ಕೈಯಲ್ಲಿ ಮಗಳ ಜಡೆಯಿತ್ತು, ಬಾಯಲ್ಲಿ ರಿಬ್ಬನ್ ಇತ್ತು.

"ಹೊಗಿ ಮತ್ತ ಬಂತು," ಎಂದಿತು ಆ ಕಡೆಯ ದನಿ.

ಹೆಸರು ಹೇಳುವ ಅಗತ್ಯವಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರ ಹಾಲಸಿದ್ದಪ್ಪನವರ ದನಿಗೆ ಖಾರವನ್ನು ಹೊರಗಿನಿಂದ ಬೆರೆಸಬೇಕಾಗಿರಲಿಲ್ಲ. ಹಾವೇರಿಯ ಪಿ.ಬಿ. ರಸ್ತೆಯಲ್ಲಿ ಮೈಲೇಶ ಹನ್ನೊಂದು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ ತಗಡಿನ ಶೆಡ್ಡು ಅವರದು. ಇಬ್ಬರು ಮಕ್ಕಳ ಶಾಲೆ, ಮನೆಯ ಒಲೆ ಎರಡೂ ಆ ತಗಡಿನ ನೆರಳಲ್ಲೇ ನಡೆಯುತ್ತಿದ್ದವು.

"ಸಾವಕಾರ್ರ, ಮೂರು ಸಲ ನೋಡೇನ್ರಿ..."

"ಮೂರು ಸಲ ನೋಡಿದಿ. ನಾಕನೇ ಸಲ ಮಾಡು. ಇವತ್ತು ಮಗಳನ್ನ ನೋಡಾಕ ರಾಣೆಬೆನ್ನೂರಿಂದ ಬೀಗರಾಗೋರು ಬರಾಕತ್ತಾರ. ಅದೇ ಕಾರಿನ್ಯಾಗ ಅವರನ್ನ ಕರಕೊಂಡ ಬರಬೇಕು. ನೀನೂ ಕುಂತು ಬಾ. ಅವರ ಕಣ್ಣಿಗೆ ಹೊಗಿ ಬಿತ್ತಂದ್ರ, ನಾಳೆ ಮುಂಜಾನೆ ನಿನ್ನ ಪಾನಾ-ಪಕ್ಕಡ ಎಲ್ಲಾ ರಸ್ತೆ ಮ್ಯಾಲ. ತಿಳೀತಿಲ್ಲೋ?"

ಮೈಲೇಶ ರಿಬ್ಬನ್ ಉಗುಳಿ ಹೆಂಡತಿಯ ಮುಖ ನೋಡಿದ.

"ಇವತ್ತು ಹೊಗಿ ಬಂದ್ರ ಶೆಡ್ ಹೋಗತೈತಿ."

"ಹಂಗಾರ ಬಾಯಿ ತಕ್ಕೊಂಡು ಯಾಕ ನಿಂತೀರಿ? ಲಗೂ ಹೋಗ್ರಿ," ಎಂದು ದ್ರಾಕ್ಷಾಯಿಣಿ ಜಡೆ ಕಸಿದುಕೊಂಡಳು. "ಜಡಿ ನಾ ಹೆಣೀತೀನಿ. ನೀವು ಹೆಣದ್ರ ಹೆಂಗೂ ಬಾವಿ ಹಗ್ಗ ಆಗತೈತಿ."

ಬೈಕಿನಲ್ಲಿ ಬ್ಯಾಡಗಿಯ ದಾರಿ ಹಿಡಿದ ಮೈಲೇಶನ ತಲೆಯೊಳಗೆ ಆ ಕಾರೊಂದೇ ಓಡುತ್ತಿತ್ತು. ಹಳೆಯ ಡೀಸೆಲ್ ಕಾರು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದದ್ದು. ಕಾಯಿಲೆ ಏನೆಂಬುದು ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ. ಎಂಜಿನ್ ಅಂದರೆ ಒಲೆಯೇ. ಗಾಳಿ ಸಾಲದೆ ಡೀಸೆಲ್ ಹೆಚ್ಚಾದರೆ, ಒಲೆಯ ಬಾಯಿ ಮುಚ್ಚಿ ಕಟ್ಟಿಗೆ ತುರುಕಿದಂತೆ, ಕಪ್ಪು ಹೊಗೆ ಏಳಲೇಬೇಕು. ಮೊದಲ ಸಲ ಗಾಳಿ ಫಿಲ್ಟರ್ ಬದಲಿಸಿದ. ಹಳೆಯದು ಕುಂಕುಮದ ಭರಣಿಯಂತೆ ಕೆಂಪಗಿತ್ತು; ಬ್ಯಾಡಗಿಯಲ್ಲಿ ಗಾಳಿಯೇ ಕೆಂಪು, ಅದರಲ್ಲೇನು ವಿಶೇಷ ಎಂದು ಬಿಸಾಕಿದ. ಎರಡನೇ ಸಲ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಪರೀಕ್ಷೆ ಮಾಡಿಸಿದ. ಮೂರನೇ ಸಲ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಹೊಸದು ಹಾಕಿದ. ಮೂರೂ ಸಲ ಶೆಡ್ಡಿನ ಮುಂದೆ ಸೈಲೆನ್ಸರಿಗೆ ಬಿಳಿ ಕರ್ಚೀಪು ಹಿಡಿದು ಎಂಜಿನ್ ಒದರಿಸಿದರೆ, ಕರ್ಚೀಪು ಒಗೆದು ತಂದಂತೆ ಬೆಳ್ಳಗೇ ಉಳಿಯಿತು. ಬ್ಯಾಡಗಿ ಮುಟ್ಟಿದ ಮರುದಿನ ಅದೇ ಕಾರು ಮತ್ತೆ ಡಾಂಬರು ಕಾಯಿಸುವ ಬಂಡಿ. ಡಾಕ್ಟರರ ಮುಂದೆ ಮಾತ್ರ ಜ್ವರ ಇಳಿಯುವ ಮಕ್ಕಳಿರುತ್ತವಲ್ಲ, ಆ ಜಾತಿ.

ಹಾಲಸಿದ್ದಪ್ಪನವರ ಮನೆಯ ಮುಂದೆ ಕಾರು ಹೂವಿನ ಹಾರ ಹಾಕಿಕೊಂಡು, ಏನೂ ಅರಿಯದ ಮದುಮಗಳಂತೆ ನಿಂತಿತ್ತು. ಡ್ರೈವರ್ ಗೋಣೆಪ್ಪ ಗಾಜು ಒರೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಸಾಹುಕಾರರ ತಾಯಿ ಮುದುಕವ್ವ ಹಸಿರು ಇಳಕಲ್ ಸೀರೆಯುಟ್ಟು ಆಗಲೇ ಕುಳಿತಿದ್ದಳು. ಬೀಗರನ್ನು ಕರೆಯಲು ಮನೆಯ ಹಿರಿಯರು ಹೋಗಬೇಕೆಂಬುದು ಆಕೆಯ ಹಟ.

"ಬಾ ತಮ್ಮಾ, ಕುಂದ್ರು. ಹೊಗಿ ಬರಂಗಿಲ್ಲೇಳು. ನಾ ದೇವರಿಗೆ ಬೇಡಿಕೊಂಡೇನಿ."

"ದೇವರು ಮೆಕ್ಯಾನಿಕ್ ಅಲ್ರಿ ಅವ್ವಾರ," ಎಂದು ಗೊಣಗಿ ಮೈಲೇಶ ಮುಂದಿನ ಸೀಟು ಹತ್ತಿದ.

ಊರು ದಾಟುವ ತನಕ ಎಲ್ಲ ಸರಿಯಿತ್ತು. ಮೋಟೆಬೆನ್ನೂರಿನ ರಸ್ತೆಯಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಲು ಗೋಣೆಪ್ಪ ಆಕ್ಸಲರೇಟರ್ ಒತ್ತಿದ್ದೇ ತಡ, ಕನ್ನಡಿಯಲ್ಲಿ ಹಗಲು ಮಾಯವಾಯಿತು. ಹಿಂದೆ ಬರುತ್ತಿದ್ದ ಬೈಕಿನವನು ಹೊಗೆಯೊಳಗೆ ಹೊಕ್ಕು ಹೊರಬಂದಾಗ ಅವನ ಹಲ್ಲು ಮಾತ್ರ ಗುರುತು ಸಿಗುತ್ತಿದ್ದವು. ಆ ಹಲ್ಲುಗಳ ನಡುವಿನಿಂದ ಬಂದ ಮಾತು ಕೇಳಿ ಮುದುಕವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

"ನಿಲ್ಸು! ನಿಲ್ಸು!" ಎಂದು ಮೈಲೇಶ ಕೂಗಿದ.

ಕಾರು ಫಕ್ಕೀರಸಾಬನ ಚಹಾ ಅಂಗಡಿಯ ಮುಂದೆ ನಿಂತಿತು. ಮೈಲೇಶ ಬೆಲ್ಟು ಬಿಚ್ಚುವುದರೊಳಗೆ ಗೋಣೆಪ್ಪ ಹಾರಿ ಇಳಿದು ಬಾನೆಟ್ ಎತ್ತಿದ್ದ.

"ಕಾದೈತಿ ಅಣ್ಣಾ, ಕೈ ಸುಟ್ಟಗೊಂಡೀ ಅಂತ ನಾನೇ ತಗದೆ," ಎಂದ ಒಂದು ಕೈ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು.

ಮೈಲೇಶ ಪೈಪು ಹಿಸುಕಿದ, ಕ್ಲಿಪ್ಪು ಅಲುಗಾಡಿಸಿದ, ಎಂಜಿನ್ ಒದರಿಸಿದ. ಹೊಗೆ ಇಲ್ಲ. ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಸಮೇತ ಎಂಜಿನ್ನಿನೊಳಗೆ ತಲೆ ಹಾಕಿದ್ದರು.

"ಡೀಸೆಲ್ ಖರಾಬೈತಿ," ಎಂದ ಫಕ್ಕೀರಸಾಬ. "ನನ್ನ ಸ್ಟೋವೂ ಹಿಂಗs ಮಾಡತಿತ್ತು. ಪಿನ್ ಹಾಕಿ ಚುಚ್ಚಿದೆ, ಸುಮ್ಮನಾತು. ಪಿನ್ ಕೊಡ್ಲೇನು?"

"ಟರ್ಬೊ ತಗದ ಒಗೀರಿ," ಎಂದ ಇನ್ನೊಬ್ಬ. "ನಮ್ಮಪ್ಪನ ಟ್ರ್ಯಾಕ್ಟರಿಗೆ ಟರ್ಬೊ ಇತ್ತೇನು? ಮೂವತ್ತು ವರ್ಷ ಓಡಿತು."

"ನಿಮ್ಮಪ್ಪ ಬೀಗರನ್ನ ಕರಿಯಾಕ ಹೊಂಟಿದ್ನೇನೋ?" ಎಂದು ಮೈಲೇಶ ಕೈ ತೊಳೆಯಲು ಹೋದ. ಗೋಣೆಪ್ಪನೇ ಬಾನೆಟ್ ಮುಚ್ಚಿದ.

ರಾಣೆಬೆನ್ನೂರಿನವರೆಗೆ ಮೂವತ್ತರ ಮೇಲೆ ಮುಳ್ಳು ಏರದಂತೆ ಮೈಲೇಶ ಕಾವಲು ಕುಳಿತ. ಹೊಗೆ ಬರಲಿಲ್ಲ. ಬೀಗ ಲಕ್ಷ್ಮಪ್ಪ, ಅವರ ಹೆಂಡತಿ ಶೇಖವ್ವ ಬಾಗಿಲಲ್ಲೇ ಸಿದ್ಧರಾಗಿ ನಿಂತಿದ್ದರು. ಲಕ್ಷ್ಮಪ್ಪನ ಅಂಗಿ, ಧೋತರ, ಟೊಪ್ಪಿಗೆ, ಮೀಸೆ ಎಲ್ಲ ಬೆಳ್ಳಗೆ, ಹತ್ತಿಯ ಮೂಟೆಗೆ ಚಪ್ಪಲಿ ಮೆಟ್ಟಿಸಿದಂತೆ. ಅದನ್ನು ಕಂಡೇ ಮೈಲೇಶ ಸೈಲೆನ್ಸರಿನ ಕಡೆ ಹೊರಳಿ ನೋಡಿದ. ಅವರ ಹಿಂದಿನಿಂದ ಹುಡುಗ ಶಶಿಕಾಂತ ಬಂದ. ಇಸ್ತ್ರಿ ಮುರಿಯದ ಕೆನೆಬಣ್ಣದ ಅಂಗಿ.

"ನೀವೆಲ್ಲಾ ಕಾರಿನ್ಯಾಗ ಕುಂದ್ರಿ. ನಾ ಬೈಕ್ ತರ್ತೀನಿ," ಎಂದ ಹುಡುಗ. "ಕಾರಿನ ಬೆನ್ನಿಗೇ ಇರ್ತೀನಿ."

ಬೆನ್ನಿಗೇ! ಮೈಲೇಶನಿಗೆ ಕೆನೆಬಣ್ಣದ ಅಂಗಿ ಕಂಬಳಿಯ ಬಣ್ಣಕ್ಕೆ ತಿರುಗುವುದು ಕಣ್ಣೆದುರೇ ಕಂಡಿತು.

"ಮುಂದ ಹೋಗ್ರಿ ಸಾಹೇಬ್ರ! ಮದುಮಗ ಮುಂದ ಇರಬೇಕು!"

"ನನಗ ಮನಿ ಎಲ್ಲೈತಿ ಅಂತನೂ ಗೊತ್ತಿಲ್ಲಲ್ರಿ," ಎಂದು ಹುಡುಗ ನಾಚಿದ.

ಹೆದ್ದಾರಿಯಲ್ಲಿ ಕಾರು ಶವಯಾತ್ರೆಯಂತೆ ನಡೆಯಿತು. ಎರಡು ಟ್ರ್ಯಾಕ್ಟರು, ಒಂದು ಟಂಟಂ ಆಟೊ, ಕೊನೆಗೆ ಸೈಕಲ್ಲಿನ ಮೇಲೆ ಹೋಗುವ ಒಬ್ಬ ಮುದುಕನೂ ದಾಟಿ ಹೋದ. ಅವನು ತಿರುಗಿ ಕೈಮುಗಿದ.

"ಯಾಕಪಾ ಡ್ರೈವರ್, ನೂಕಬೇಕೇನು?" ಎಂದರು ಲಕ್ಷ್ಮಪ್ಪ.

"ಶುಭಕಾರ್ಯಕ್ಕ ಹೊಂಟಾಗ ಸಾವಕಾಶ ಹೋಗಬೇಕ್ರಿ," ಎಂದಳು ಮುದುಕವ್ವ.

"ಸಾವಕಾಶ ಹೋದ್ರ ಅಶುಭ ಆಗತೈತ್ರಿ ಅವ್ವಾರ! ಇವತ್ತು ಶುಕ್ರವಾರ. ಹತ್ತೂವರಿಗೆ ರಾಹುಕಾಲ. ಅದರೊಳಗ ಹೊಸ್ತಲಾ ದಾಟಲಿಲ್ಲಂದ್ರ ನಾ ಕಾರಿಂದ ಇಳಿಯೂದಿಲ್ಲ, ಹಂಗs ಹೊಳ್ಳಿ ಹೋಗಾಂವ. ಒತ್ತಪಾ ಆಕ್ಸಲರೇಟರ್!"

ಮೈಲೇಶ ಗಡಿಯಾರ ನೋಡಿದ. ಹತ್ತಕ್ಕೆ ಐದು ನಿಮಿಷ. ಒತ್ತಿದರೆ ಹುಡುಗ ಕಪ್ಪು, ಒತ್ತದಿದ್ದರೆ ಬೀಗರು ವಾಪಸು. ಎರಡರಲ್ಲೂ ಶೆಡ್ಡು ಹೋಯಿತು. ಕನ್ನಡಿಯಲ್ಲಿ ಶಶಿಕಾಂತನ ಬೈಕು ಪೆಟ್ರೋಲ್ ಬಂಕಿಗೆ ತಿರುಗುವುದು ಕಂಡದ್ದೇ, "ಈಗ! ಈಗ ಒತ್ತು!" ಎಂದು ಕೂಗಿದ.

ಗೋಣೆಪ್ಪ ಒತ್ತಿದ. ಟರ್ಬೊ ಸಿಳ್ಳು ಹಾಕಿತು, ಕಾರು ಹಾರಿತು. ನಾಲ್ಕು ಕಿಲೋಮೀಟರು ಕನ್ನಡಿ ತಿಳಿಯಾಗಿತ್ತು. ಮೋಟೆಬೆನ್ನೂರಿನ ತಿರುವು ಎದುರಿಗೆ ಕಾಣುತ್ತಿದ್ದಂತೆ ಸಿಳ್ಳು ಒಮ್ಮೆಲೇ ಗೊರಗೊರ ಎಂದಿತು, ಗಂಟಲಿಗೆ ಏನೋ ಸಿಕ್ಕಿದವರಂತೆ. ಹಿಂದೆ ಕರಿ ಮೋಡ ಎದ್ದಿತು.

ಗಂಟಲಿಗೆ ಸಿಕ್ಕಿದಂತೆ! ಮೈಲೇಶನಿಗೆ ಮಿಂಚು ಹೊಡೆದಂತಾಯಿತು. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದ. "ಗೋಣೆಪ್ಪ, ನೀ ಇಳೀಬ್ಯಾಡ! ನಾ ಕೈ ಎತ್ತಿದಾಗ ಒತ್ತು."

"ಅಣ್ಣಾ, ಬಾನೆಟ್ ನಾ ತಗೀತೀನಿ..."

"ಇಳದ್ರ ಕಾಲು ಮುರೀತೀನಿ!"

ಗೋಣೆಪ್ಪ ತಿರುಗಿ ಮುದುಕವ್ವನ ಮುಖ ನೋಡಿದ. ಮುದುಕವ್ವ ಸೆರಗು ಬಾಯಿಗಿಟ್ಟುಕೊಂಡಳು.

ಮೈಲೇಶ ಬಾನೆಟ್ ಎತ್ತಿದ. ಗಾಳಿ ಎಳೆಯುವ ಪೈಪಿನ ಬಾಯಿಯ ಪಕ್ಕ, ಒಂದು ದಾರಕ್ಕೆ, ಮುಷ್ಟಿಯಷ್ಟು ದೊಡ್ಡ ಬಟ್ಟೆಯ ಗಂಟು ಪಾಪದ ಕೂಸಿನಂತೆ ತೂಗುತ್ತಿತ್ತು. ಕೈ ಎತ್ತಿದ. ಎಂಜಿನ್ ಒದರಿತು. ನೊಣ ಕಂಡ ಹಲ್ಲಿಯಂತೆ ಗಂಟು ಟಣ್ಣನೆ ಹಾರಿ ಪೈಪಿನ ಬಾಯಿ ಕಚ್ಚಿತು. ಹಿಂದೆ ಕಪ್ಪು ಹೊಗೆ. ಕೈ ಇಳಿಸಿದ. ಗಂಟು ಸುಮ್ಮನೆ ಜಾರಿ ಮತ್ತೆ ತೂಗತೊಡಗಿತು. ಬಿಚ್ಚಿ ಮೂಸಿದ. ನಾಲ್ಕು ಸೀನು ಒಟ್ಟಿಗೆ ಬಂದವು. ಮೆಣಸಿನಕಾಯಿ!

ಮುದುಕವ್ವ ಕಾರಿನಿಂದಿಳಿದು ಓಡೋಡಿ ಬಂದಿದ್ದಳು.

"ತಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ, ಸಣ್ಣಾಗಿ ಮಾತಾಡು. ಆ ಪೈಪಿನ ಬಾಯಿ ಬಿಲಾ ಅಂತ ತಿಳದು ಇಲಿ ಹೊಗತಾವ. ಎರಡು ಸಲ ವಾಯರ್ ಕಡದಾವ. ಖಾರದ ವಾಸನಿಗೆ ಹತ್ತರ ಬರಬಾರದು ಅಂತ ನಾನs ಕಟ್ಟಿಸೇನಿ."

"ಮೂರು ಸಲ ಗ್ಯಾರೇಜಿಗೆ ಬಂದಾಗ ಇದು ಎಲ್ಲಿತ್ರಿ?"

"ನಿನ್ನ ಕಡೆ ಬರೂ ಮುಂದ ಗೋಣೆಪ್ಪ ಬಿಚ್ಚಿ ಕಿಸೇದಾಗ ಇಟಗೋತಾನ. ಹೊಳ್ಳಿ ಬರೂ ಮುಂದ ಕಟ್ಟತಾನ. ಮೆಣಸಿನಕಾಯಿ ಸಾವಕಾರನ ಮನ್ಯಾಗ ಇಲಿ ಅದಾವ ಅಂತ ಪ್ಯಾಟಿಗೆ ಗೊತ್ತಾದ್ರ ನಮ್ಮ ಮಾಲು ಯಾರು ಮುಟ್ಟತಾರೋ? ಈ ಬೀಗರೂ ವ್ಯಾಪಾರದವರು. ನನ್ನ ಮಗ ಸಿದ್ದಪ್ಪಗೂ ಗೊತ್ತಿಲ್ಲ, ಗೊತ್ತಾದ್ರ ಗೋಣೆಪ್ಪನ ನೌಕರಿ ಹೋಗತೈತಿ. ನಿನ್ನ ಮಕ್ಕಳ ಮ್ಯಾಲ ಆಣಿ, ಯಾರ ಮುಂದೂ ಬಾಯಿ ಬಿಡಬ್ಯಾಡ."

ದೂರದಲ್ಲಿ ಶಶಿಕಾಂತನ ಬೈಕು ಕಂಡಿತು. ಮಕ್ಕಳ ಆಣೆ ಬಿದ್ದ ಮೇಲೆ ಮೈಲೇಶನಿಗೆ ಬೇರೆ ದಾರಿ ಇರಲಿಲ್ಲ. ಗಂಟನ್ನು ಹೊಲಕ್ಕೆ ಎಸೆದು ಬಾನೆಟ್ ಮುಚ್ಚಿದ.

"ಏನಾಗಿತ್ರಿ?" ಎಂದು ಲಕ್ಷ್ಮಪ್ಪ ಕಿಟಕಿಯಿಂದ ಇಣುಕಿದರು.

"ಟರ್ಬೊ ಸ್ವಲ್ಪ ಮುನಿಸಿಕೊಂಡಿತ್ರಿ. ಸರಿ ಮಾಡೇನಿ."

"ಬರೀ ಕೈಲೆ?"

"ಬರೀ ಕೈಲೆ," ಎಂದ ಮೈಲೇಶ. ಹನ್ನೊಂದು ವರ್ಷದಲ್ಲಿ ಅಷ್ಟು ಗತ್ತಿನಿಂದ ಅವನು ಯಾವ ಮಾತನ್ನೂ ಆಡಿರಲಿಲ್ಲ.

ಆಮೇಲೆ ಗೋಣೆಪ್ಪ ಎಷ್ಟು ಒತ್ತಿದರೂ ಹೊಗೆಯ ಸುಳಿವಿಲ್ಲ. ಹತ್ತು ಇಪ್ಪತ್ತೆಂಟಕ್ಕೆ ಬೀಗರು ಹೊಸ್ತಿಲು ದಾಟಿದರು. ಹಾಲಸಿದ್ದಪ್ಪ ಮೊದಲು ನೋಡಿದ್ದು ಭಾವಿ ಅಳಿಯನ ಮುಖವನ್ನಲ್ಲ, ಅಂಗಿಯನ್ನು. ಕೆನೆಬಣ್ಣ ಕೆನೆಯಾಗಿಯೇ ಇತ್ತು. ಮೈಲೇಶ ಮೂಲೆಯ ಕಂಬಕ್ಕೆ ಒರಗಿ, ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಶೆಡ್ಡು ಉಳಿಯಿತು.

ಹುಡುಗಿ ಶ್ರೀದೇವಿ ಚಹಾ ತಂದಳು. ಹುಡುಗ ಒಪ್ಪಿದ, ಹುಡುಗಿಯೂ ತಲೆ ಅಲುಗಿಸಿದಳು. ಸಕ್ಕರೆ ಹಂಚಿದರು. ಲಕ್ಷ್ಮಪ್ಪನಿಗೆ ಮಾತ್ರ ಸಕ್ಕರೆಗಿಂತ ಸುದ್ದಿ ಸಿಹಿಯಾಗಿತ್ತು.

"ಬೀಗರ, ಎಂಥಾ ಮೆಕ್ಯಾನಿಕ್ ಇಟ್ಟೀರ್ರಿ! ನಡೂ ರಸ್ತೆದಾಗ ಕಾರು ಕೆಮ್ಮಾಕ ಹತ್ತಿತು. ಈ ಮನಷ್ಯಾ ಇಳದಾ, ಬಾನೆಟ್ ತಗದಾ, ಒಂದು ಪಾನಾ ಇಲ್ಲ, ಒಂದು ಸ್ಕ್ರೂಡ್ರೈವರ್ ಇಲ್ಲ, ಕೈ ಹಿಂಗ ಎತ್ತಿದಾ, ಹಿಂಗ ಇಳಿಸಿದಾ, ಮುಗೀತು! ಇದು ವಿದ್ಯೆ ಅಲ್ರಿ, ಸಿದ್ಧಿ."

ಮನೆಯವರೆಲ್ಲ ಮೈಲೇಶನತ್ತ ತಿರುಗಿದರು. ಅವನು ನಾಚಿ ನೆಲ ನೋಡಿದ. ಮುದುಕವ್ವ ಅಡುಗೆಮನೆಗೆ ನಡೆದಳು.

"ಖರೇ ಏನೋ?" ಎಂದರು ಹಾಲಸಿದ್ದಪ್ಪ. "ಬರೀ ಕೈಲೆ?"

ಮಕ್ಕಳ ಆಣೆ. "ಹೌದ್ರಿ," ಎಂದ.

ಹಾಲಸಿದ್ದಪ್ಪ ಎದ್ದು ಬಂದು ಅವನ ಬೆನ್ನು ತಟ್ಟಿದರು. ಆಮೇಲೆ ಬೀಗರ ಕಡೆ ತಿರುಗಿದರು. "ಅಳಿಯಂದ್ರು ಹಾವೇರ್ಯಾಗ ಟೈಲ್ಸ್ ಅಂಗಡಿ ಇಡಾಕ ಜಾಗಾ ಹುಡಕಾಕತ್ತಾರ ಅಂತ ನಿನ್ನೆ ಫೋನಿನ್ಯಾಗ ಅಂದಿದ್ರಿ. ಮುಂಜಾನಿಂದ ಅದs ತಲ್ಯಾಗಿತ್ತು. ಪಿ.ಬಿ. ರಸ್ತೆ ಮ್ಯಾಲ ನಂದೊಂದು ಜಾಗಾ ಐತಿ. ಹನ್ನೊಂದು ವರ್ಷದಿಂದ ಅದರಾಗ ಒಬ್ಬಾಂವ ಅದಾನ, ಬಡವನ ಹೊಟ್ಟಿಮ್ಯಾಲ ಹೊಡಿಯೂದು ಹೆಂಗಪಾ ಅಂತ ಹಿಂದ-ಮುಂದ ನೋಡಾಕತ್ತಿದ್ದೆ. ಈಗ ಆ ಚಿಂತಿ ಹೋತು. ಸೋಮವಾರ ಪೂಜಾ ಮಾಡ್ರಿ."

ಮೈಲೇಶ ಕೈಯಲ್ಲಿದ್ದ ಬಸಿ ಕೆಳಗಿಟ್ಟು ಮುಂದೆ ಬಂದ.

"ಸಾವಕಾರ್ರ! ಹೊಗಿ ಬಂದ್ರ ಶೆಡ್ ಬಿಡಬೇಕು ಅಂದಿದ್ರಿ. ಹೊಗಿ ಬರಲಿಲ್ಲಲ್ರಿ!"

"ಬರಲಿಲ್ಲ. ಅದಕ್ಕs ಹೇಳಾಕತ್ತೇನಿ," ಎಂದರು ಹಾಲಸಿದ್ದಪ್ಪ, ಕಣ್ಣಲ್ಲಿ ನಿಜವಾದ ಪ್ರೀತಿ ತುಂಬಿಕೊಂಡು. "ನಡೂ ರಸ್ತೆದಾಗ ನಿಂತು, ಪಾನಾ ಇಲ್ಲದ, ಬರೀ ಕೈಲೆ ಟರ್ಬೊ ಸರಿ ಮಾಡಾಂವ ನೀನು. ನಿನಗ ಶೆಡ್ ಯಾಕೋ ಬೇಕು?"