ಸಿಳ್ಳೆ ಹೊಡೆದದ್ದು ಯಾರು?

ಬೆಳ್ಳಂಬೆಳಗ್ಗೆ ಎದುರುಮನೆಯ ನರ್ಸಮ್ಮ ಗೇಟಿಗೇ ಬಂದು ಹೊತ್ತಿಸಿದ ಬೆಂಕಿ ಇದು.

“ನಿಮ್ಮೆಜಮಾನ್ರು ದಿನಾ ನನ್ನ ಕಿಟಕಿ ಕಡೆ ಸಿಳ್ಳೆ ಹೊಡೀತಾರೆ ಕಣ್ರೀ! ನಾನು ನೈಟ್ ಡ್ಯೂಟಿ ಮುಗಿಸಿ ಮಲಗೋ ಹೊತ್ತಿಗೇ!”

ಹೆಂಡತಿಯ ಹಿಂದೆ ನಿಂತಿದ್ದ ಕನ್ನಡಕದಂಗಡಿಯವನು ಕಕ್ಕಾಬಿಕ್ಕಿಯಾದ. “ನಾನಾ? ಅಯ್ಯೋ, ನಂಗೆ ಸಿಳ್ಳೆ ಹೊಡೆಯೋಕೇ ಬರಲ್ಲ! ಯಾವುದೋ ಹಕ್ಕಿ ಇರಬೇಕು.”

“ಹಾಗಾದ್ರೆ ಸಂಜೆಯೊಳಗೆ ಆ ಹಕ್ಕೀನ ತೋರಿಸಿ,” ಎಂದಳು ಹೆಂಡತಿ. “ಇಲ್ದಿದ್ರೆ ನಾನು ತವರಿಗೆ ಹೊರಟೆ.” ಸೂಟ್‌ಕೇಸು ಬಾಗಿಲಿಗೆ ಬಂದು ಕೂತೇಬಿಟ್ಟಿತು.

ಮಹಡಿಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಇಂಥದ್ದೆಲ್ಲ ಹಬ್ಬದೂಟ. ಓಡಿಬಂದು ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. “ಆನ್ ಮಾಡಿ ಇಟ್ಬಿಡಿ. ಯಾವ ಹಕ್ಕಿ ಕೂಗಿದ್ರೂ ಹೆಸರು ಹೇಳುತ್ತೆ.”

ಅವನು ಫೋನನ್ನು ಬಚ್ಚಲ ಕಿಟಕಿಯಲ್ಲಿಟ್ಟು ಎಂದಿನಂತೆ ಗಡ್ಡ ಕೆರೆಯಲು ನಿಂತ. ಮುಖ ಒರೆಸಿಕೊಂಡು ನೋಡಿದರೆ ಪರದೆಯ ಮೇಲೆ ಅಕ್ಷರ: ‘ನೀಲಿ ಸಿಳ್ಳಾರ. ಅತಿ ಅಪರೂಪ. ಗಂಡು. ಸಂಗಾತಿಯನ್ನು ಕರೆಯುತ್ತಿದೆ.’

“ಸಿಕ್ತು ಕಣೇ!” ಎಂದು ಅವನು ಟವೆಲಿನಲ್ಲೇ ಅಂಗಳಕ್ಕೆ ಓಡಿದ.

ಬೀದಿಗೆ ಬೀದಿಯೇ ಬಚ್ಚಲ ಕಿಟಕಿಯಾಚೆಯ ಮರದಡಿ ನೆರೆಯಿತು. ನಿದ್ದೆಗೆಟ್ಟ ನರ್ಸಮ್ಮನೂ ಬಂದಳು. ಆದರೆ ಹಾಳಾದ ಹಕ್ಕಿ ಇಡೀ ದಿನ ತುಟಿಪಿಟಕ್ಕೆನ್ನಲಿಲ್ಲ. ಪಾಪ, ಅವನಿಗೆ ಕತ್ತು ಉಳುಕಿತೇ ಹೊರತು ತಲೆಬುಡ ತಿಳಿಯಲಿಲ್ಲ. ಫೋನಿಗೆ ಕೇಳಿಸಿದ್ದು ತನಗೆ ಯಾಕೆ ಕೇಳಿಸುತ್ತಿಲ್ಲ? ಹೆಂಡತಿ ಮಾತ್ರ ಸೂಟ್‌ಕೇಸನ್ನು ಒಳಗಿಡಲಿಲ್ಲ.

ಸಂಜೆ ಹೆಡ್‌ಮಾಸ್ಟರು ಪತ್ರಿಕೆಯ ಫೋಟೋಗ್ರಾಫರನ್ನೇ ಕರೆಸಿದರು. “ಹಕ್ಕಿ ಸಿಗದಿದ್ರೆ ಹಕ್ಕಿ ಕಂಡುಹಿಡಿದವರ ಫೋಟೋನಾದ್ರೂ ಬರ್ಲಿ. ಸ್ವಲ್ಪ ನೀಟಾಗಿ ಬನ್ನಿ.”

ಅವನು ಮತ್ತೆ ಬಚ್ಚಲಿಗೆ ಹೋಗಿ, ನೊರೆ ಬಳಿದುಕೊಂಡು, ಕೆನ್ನೆಗೆ ರೇಜರ್ ಇಟ್ಟ. ಹೊರಗೆ ಗದ್ದಲವೋ ಗದ್ದಲ.

“ಬಂತು! ಕೂಗ್ತಿದೆ!”

ಅವನು ಉಸಿರು ಬಿಗಿಹಿಡಿದು ಕಿವಿಗೊಟ್ಟ. ಏನೂ ಇಲ್ಲ.

“ಛೆ, ನಿಲ್ಲಿಸ್ಬಿಡ್ತು!”

ನಿಟ್ಟುಸಿರಿಟ್ಟು ಇನ್ನೊಂದು ಕೆನ್ನೆ ಕೆರೆಯತೊಡಗಿದ.

“ಮತ್ತೆ ಕೂಗ್ತಿದೆ! ಇಲ್ಲೇ, ಈ ಕಿಟಕೀಲಿ!”

ಫಳ್ಳೆಂದು ಫ್ಲ್ಯಾಷ್ ಹೊಡೆಯಿತು. ಎಲ್ಲರೂ ಕ್ಯಾಮೆರಾದ ಮೇಲೆ ಮುಗಿಬಿದ್ದರು. ಚಿತ್ರದಲ್ಲಿ ಕಿವಿಯವರೆಗೆ ನೊರೆ, ಆಕಾಶ ನೋಡುವ ಕಣ್ಣು, ಗುಂಡಗೆ ಮುಂದೆ ಚಾಚಿದ ತುಟಿ. ಎಲ್ಲರೂ ಒಮ್ಮೆಗೇ ಕಿಟಕಿಯತ್ತ ತಿರುಗಿದರು.

“ಯಾಕ್ರೀ? ಹಾರಿಹೋಯ್ತಾ?” ಎಂದು ಅವನು ಕಿಟಕಿಯಿಂದಲೇ ಕೇಳಿದ.

ಹೆಂಡತಿ ಅವನ ಫೋನು ಎತ್ತಿಕೊಂಡು, ನರ್ಸಮ್ಮನಿಗೂ ಕೇಳುವಂತೆ ಓದಿದಳು: “‘ಗಂಡು. ಸಂಗಾತಿಯನ್ನು ಕರೆಯುತ್ತಿದೆ.’”

ಆಮೇಲೆ ಸೂಟ್‌ಕೇಸು ಎತ್ತಿಕೊಂಡಳು.