ಬಯಲ ಪುರಾಣದ ಮಂಗಲ

ಗೃಹಿಣಿಯರಿಗೆ ಕಥೆಗಳ ಆರಂಭ ಗೊತ್ತಿರುತ್ತದೆ, ಅಂತ್ಯ ಗೊತ್ತಿರುವುದಿಲ್ಲ. ಇದು ನಾನು ಅನುಭವದಿಂದ ಹೇಳುವ ಮಾತು. ಮಗಳು ಕೂಸಾಗಿದ್ದಾಗ ಸಿಂಧನೂರಿನ ಟಾಕೀಸಿನಲ್ಲಿ ನೋಡಿದ ಸಿನಿಮಾಗಳೆಲ್ಲ ಅವಳ ಅಳುವಿನಿಂದ ಇಂಟರ್ವಲ್ಲಿಗೇ ಮುಗಿದವು. ಕಾದಂಬರಿಗಳು ಕುಕ್ಕರಿನ ಸೀಟಿಗೆ ಬಲಿಯಾದವು. ಟೀವಿಯಲ್ಲಿ ಕೊಲೆಗಾರ ಯಾರೆಂದು ಪೊಲೀಸರು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತದೆ. ನಾನು ಒಲೆ ಒರೆಸಿ ಬರುವಷ್ಟರಲ್ಲಿ ಕೊಲೆಗಾರ ಜೈಲಿನಲ್ಲಿರುತ್ತಾನೆ, ಸೋಪಿನ ಜಾಹೀರಾತು ಬರುತ್ತಿರುತ್ತದೆ. "ಯಾರ್ರೀ ಅಂವ?" ಎಂದು ನಮ್ಮ ಮನೆಯವರನ್ನು ಕೇಳಿದರೆ, "ಅಂವನ, ಆ ಮೀಸಿಯವ" ಅನ್ನುತ್ತಾರೆ. ಆ ಕಥೆಯಲ್ಲಿ ಮೀಸೆಯಿಲ್ಲದ ಗಂಡಸೇ ಇರುವುದಿಲ್ಲ.

ಹಾಗಾಗಿ ನನ್ನ ಇಂಗ್ಲಿಷ್ ಧಾರಾವಾಹಿಯ ಕೊನೆಯ ಕಂತು ಭಾನುವಾರ ಸಂಜೆ ಬರುತ್ತದೆಂದು ತಿಳಿದಾಗ, ಇದೊಂದರ ಅಂತ್ಯವನ್ನಾದರೂ ಕೂತು ನೋಡಬೇಕೆಂದು ನಿಶ್ಚಯಿಸಿದೆ. ಮಗಳು ಹಾಸ್ಟೆಲಿಗೆ ಹೋಗುವ ಮುಂಚೆ ಟೀವಿಗೆ ಇಂಟರ್ನೆಟ್ ಹಾಕಿಸಿ ಹಚ್ಚಿಕೊಟ್ಟು ಹೋದದ್ದು ಅದು. ದಾರಿ ತಪ್ಪಿದ ಒಂದು ಆಕಾಶನೌಕೆ, ಅದಕ್ಕೊಬ್ಬ ಹೆಂಗಸು ಕ್ಯಾಪ್ಟನ್, ಭೂಮಿಗೆ ವಾಪಸು ಬರಲು ವರ್ಷಗಟ್ಟಲೆ ಒದ್ದಾಟ. ನಾನು ರಾಯಚೂರಿನಲ್ಲಿ ಕಾನ್ವೆಂಟು ಓದಿದವಳು. ಸಿಸ್ಟರುಗಳು ಮುತುವರ್ಜಿಯಿಂದ ಕಲಿಸಿದ ಇಂಗ್ಲಿಷು, ಲಿಂಗಸುಗೂರಿಗೆ ಸೊಸೆಯಾಗಿ ಬಂದ ಮೇಲೆ ಟ್ರಂಕಿನ ತಳದ ರೇಷ್ಮೆ ಸೀರೆಯಂತೆ ನುಸಿಗುಳಿಗೆಯ ವಾಸನೆ ಹಿಡಿದು ಮಲಗಿತ್ತು. ಔಷಧಿ ಬಾಟಲಿಯ ಮೇಲೆ ಬರೆದದ್ದನ್ನು ಓದುವುದು ಬಿಟ್ಟರೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಈ ನೌಕೆ ಬಂದ ಮೇಲೆ ಅದನ್ನು ಕೊಡವಿ ಉಟ್ಟುಕೊಂಡೆ.

ಅತ್ತೆಯವರು ಮೊದಮೊದಲು ಬತ್ತಿ ಹೊಸೆಯಲು ಬೆಳಕು ಚೆನ್ನಾಗಿದೆಯೆಂದು ಟೀವಿಯ ಮುಂದೆ ಕೂತವರು. ಆಮೇಲೆ "ಆಕಿ ಏನಂದ್ಲು?" ಎಂದು ಕೇಳತೊಡಗಿದರು. ನಾನು ಕನ್ನಡದಲ್ಲಿ ಹೇಳುವುದು, ಅವರು "ಹೂಂ" ಅನ್ನುವುದು. ಆ ನೌಕೆಯ ಗೋಡೆಗೋಡೆಯಿಂದಲೂ ಕಂಪ್ಯೂಟರಿನ ಹೆಣ್ಣುದನಿಯೊಂದು ಬರುತ್ತಿತ್ತು. ಯಾರು ಎಲ್ಲಿದ್ದಾರೆ, ಎಷ್ಟು ಉಂಡರು, ಯಾಕೆ ಇನ್ನೂ ಮಲಗಿಲ್ಲ, ಎಲ್ಲ ಅದಕ್ಕೆ ಗೊತ್ತು. ಅತ್ತೆಯವರು ಅದಕ್ಕೆ "ಗ್ವಾಡಿಯಾಗಿನ ಅತ್ತಿ" ಎಂದು ಹೆಸರಿಟ್ಟರು. ಕ್ಯಾಪ್ಟನ್ ಗೋಡೆಯ ಮಾತು ಮೀರಿ ನೌಕೆ ತಿರುಗಿಸಿದಾಗಲೆಲ್ಲ, "ಹಿರೇರ ಮಾತು ಕೇಳಂಗಿಲ್ಲ, ಈಗ ಅನುಭವಿಸ್ತಾಳ ನೋಡು" ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ಕ್ಯಾಪ್ಟನ್ನಿನ ಪರವಾಗಿ ಸುಮ್ಮನಿರುತ್ತಿದ್ದೆ.

ಭಾನುವಾರ ಮಧ್ಯಾಹ್ನವೇ ರಾತ್ರಿಯ ಅಡುಗೆ ಮುಗಿಸಿ, ಹಾಲು ಕಾಸಿ ಇಳಿಸಿ, ಒಲೆಯನ್ನೊಮ್ಮೆ ಎಚ್ಚರಿಸುವವಳಂತೆ ದಿಟ್ಟಿಸಿದೆ. ಆಗ ಅಂಗಡಿಯಿಂದ ನಮ್ಮ ಮನೆಯವರ ಫೋನು ಬಂತು. "ಮಸ್ಕಿ ಮಾವ ಬರಾಕತ್ತಾನ. ಸಂಜೀಕ ಮಂಡಾಳ ಒಗ್ಗರಣಿ, ಮಿರ್ಚಿ ಮಾಡು."

ಮಸ್ಕಿ ಮಾವ ಎಂದರೆ ಅತ್ತೆಯವರ ತಮ್ಮ. ಒಳ್ಳೆಯ ಮನುಷ್ಯರು. ಆದರೆ ಬಂದ ಕೂಡಲೇ ರಿಮೋಟ್ ಹಿಡಿದು ಸುದ್ದಿ ಚಾನೆಲ್ ಹಚ್ಚಿದರೆಂದರೆ ಊಟಕ್ಕೆ ಏಳುವ ತನಕ ಅದು ಅವರ ಕೈ ಬಿಡುವುದಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿ ಆರಿದರೂ ನಡೆಯುತ್ತದೆ, ಮಿರ್ಚಿ ಮಾತ್ರ ಅವರಿಗೆ ಬಿಸಿಬಿಸಿಯಾಗಿ ಒಂದೊಂದೇ ಬರಬೇಕು. ಅಂದರೆ ಅವರು ತಿನ್ನುವಷ್ಟು ಹೊತ್ತೂ ಒಬ್ಬರು ಬಾಣಲೆಯ ಮುಂದೆ ನಿಂತಿರಬೇಕು. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಇವತ್ತು ನಂದು ಕೊನೀ ಕಂತು ಐತ್ರಿ" ಎಂದೆ ಮೆಲ್ಲಗೆ.

"ನಾಳಿ ನೋಡು. ಅದೇನು ಹಾರಿ ಹೋಗತೈತೇನು?"

ಆಕಾಶನೌಕೆಯ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ಸರಿಯಲ್ಲ ಅನ್ನಿಸಿತು. ಫೋನಿಟ್ಟು ಕಡಲೆಹಿಟ್ಟು ಕಲಸಿ, ಮೆಣಸಿನಕಾಯಿ ಸೀಳಿಟ್ಟೆ. ಖಾರ ಕಣ್ಣಿಗೆ ಹತ್ತಿತೆಂದು ನನಗೆ ನಾನೇ ಹೇಳಿಕೊಂಡೆ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಸಂಜೆ ಕಂತು ಶುರುವಾದ ಸ್ವಲ್ಪ ಹೊತ್ತಿಗೇ ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ನಾನು ಎದ್ದೆ. ಅತ್ತೆಯವರು ಸೆರಗು ಜಗ್ಗಿ ಕೂರಿಸಿದರು. ನಮ್ಮ ಮನೆಯವರ ಜೊತೆ ಮಾವ ಒಳಗೆ ಬಂದು ವಾಡಿಕೆಯಂತೆ ಟೀವಿಯ ಪಕ್ಕಕ್ಕೆ ಕೈ ಚಾಚಿದರು. ರಿಮೋಟ್ ಅಲ್ಲಿರಲಿಲ್ಲ. ಅತ್ತೆಯವರ ತೊಡೆಯ ಕೆಳಗಿತ್ತು.

"ಚಪ್ಪಲಿ ಹೊರಗ ಬಿಟ್ಟಿಯೇನ್ಲೇ ತಮ್ಮಾ?"

"ಬಿಟ್ಟೀನಿ ಯಕ್ಕಾ."

"ಹಂಗಾರ ಹಿಂದ ಕುಂದ್ರು. ಪುರಾಣ ನಡದೈತಿ. ಇವತ್ತು ಮಂಗಲ."

ನಮ್ಮ ಕಡೆ ಶ್ರಾವಣದಲ್ಲಿ ಮಠದೊಳಗೆ ತಿಂಗಳಿಡೀ ಪುರಾಣ ಹೇಳಿಸುತ್ತಾರೆ. ಅದರ ಕೊನೆಯ ದಿನವೇ ಮಂಗಲ. ತಿಂಗಳು ಪೂರ್ತಿ ಕೇಳಿ ಮಂಗಲ ತಪ್ಪಿಸಿದರೆ ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಂದು ಎಂಥ ದೊಡ್ಡವರು ಬಂದರೂ ಸದ್ದಿಲ್ಲದೆ ಹಿಂದೆ ಕೂರಬೇಕು. ಪುರಾಣ ಹೇಳುವವರನ್ನು ನಡುವೆ ಎಬ್ಬಿಸುವ ಹಾಗೇ ಇಲ್ಲ. ಅತ್ತೆಯವರು ಇಷ್ಟು ದಿನ ಪುರಾಣ ಕೇಳುವವರ ಹಾಗೆ "ಹೂಂ" ಅಂದದ್ದು ಸುಮ್ಮನೆ ಅಲ್ಲವೆಂದು ನನಗೆ ಆಗ ಹೊಳೆಯಿತು.

ಬೆಳ್ಳಿ ಬಣ್ಣದ ಅಂಗಿ ತೊಟ್ಟು ತೇಲಾಡುತ್ತಿದ್ದ ಜನರನ್ನು ಮಾವ ದಿಟ್ಟಿಸಿದರು. "ಇದು ಯಾ ಪುರಾಣ ಯಕ್ಕಾ?"

"ಬಯಲ ಪುರಾಣ, ಆಕಾಶದ ಬಯಲಿಂದು. ಬಾಯಿ ಮುಚ್ಚಿಗೊಂಡು ಕೇಳು."

"ಯವ್ವಾ, ಮಾವ ಬಂದಾನ, ಒಂದೀಟು ಚಾ ಆದ್ರೂ..." ಎಂದರು ನಮ್ಮ ಮನೆಯವರು.

"ಪುರಾಣ ಹೇಳಾಕೀನ ಎಬ್ಬಿಸಿ ಚಾ ಕಾಸು ಅಂತೀಯೇನು? ಮಠದಾಗ ಶಾಸ್ತ್ರಿಗಳಿಗೆ ಹಂಗ ಅಂದು ಬಾ, ನೋಡೂಣು. ಹಿಟ್ಟು ಕಲಸಿಟ್ಟಾಳ. ಹೋಗಿ ನೀನ ಕರಿ."

ಅವರು ಒಳಗೆ ಹೋದರು. ಇತ್ತ ನೌಕೆ ಕತ್ತಲಲ್ಲಿ ಭೂಮಿಯನ್ನು ಹುಡುಕುತ್ತಿತ್ತು, ಅತ್ತ ಅವರು ಸಕ್ಕರೆ ಡಬ್ಬಿ ಹುಡುಕುತ್ತಿದ್ದರು. "ಸಕ್ರಿ ಎಲ್ಲೈತಿ?" ಎಂಬ ದನಿ ಬಂತು. ಉತ್ತರಿಸಲು ಬಾಯಿ ತೆರೆದೆ. "ನೀ ಪುರಾಣ ಹೇಳು ಸುವರ್ಣಾ" ಎಂದರು ಅತ್ತೆಯವರು.

ಹೇಳಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ. ಎಂಜಿನ್ನು ಸುಟ್ಟಿತು, ದೀಪಗಳು ಆರಿದವು, ಕ್ಯಾಪ್ಟನ್ ಗೋಡೆಯ ಮಾತನ್ನು ಕಡೆಯ ಸಲ ಮೀರಿದಳು. ಗೋಡೆ ಕೊನೆಗೂ, "ನೀನೇ ಸರಿ" ಎಂದಿತು. ಆ ವಾಕ್ಯವನ್ನು ಎರಡು ಸಲ ಕನ್ನಡಕ್ಕೆ ತಂದೆ. ಅತ್ತೆಯವರು ಮೂಗು ಸೇದಿ, "ಇರ್ಲಿ ಬಿಡು, ಒಂದ್ಸಲ" ಎಂದರು. ಮಾವ ಮುಂದೆ ಸರಿದು ಕೂತಿದ್ದರು. "ಆಕಿ ಊರು ಮುಟ್ತಾಳಿಲ್ಲವ್ವ?" ಎಂದು ನನ್ನನ್ನೇ ಕೇಳಿದರು, ಶಾಸ್ತ್ರಿಗಳನ್ನು ಕೇಳುವ ವಿನಯದಿಂದ. ನಮ್ಮ ಮನೆಯವರು ಸೌಟು ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅವರ ಹಿಂದಿನಿಂದ ಮಿರ್ಚಿ ಸೀದ ವಾಸನೆ ಬಂತು. ಬದುಕಿನಲ್ಲಿ ಮೊದಲ ಬಾರಿಗೆ ಸೀದ ವಾಸನೆ ಬಂದರೂ ನಾನು ಏಳಲಿಲ್ಲ.

ನೌಕೆ ಇಳಿಯಿತು. ಅಷ್ಟೂ ಕಂತುಗಳಲ್ಲಿ ನಿಂತುಕೊಂಡೇ ಪೊಟ್ಟಣದ ಆಹಾರ ತಿಂದಿದ್ದ ಕ್ಯಾಪ್ಟನ್ನನ್ನು ಮುದುಕಿಯೊಬ್ಬಳು ಕೂರಿಸಿ, ತಟ್ಟೆಯಿಟ್ಟು ಬಡಿಸಿದಳು. ಕ್ಯಾಪ್ಟನ್ ಆ ತಟ್ಟೆಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಸಂಗೀತ ಬಂತು. ಅತ್ತೆಯವರು ಕರ್ಪೂರ ಹಚ್ಚಿ ಮೊದಲು ಟೀವಿಗೆ, ನಂತರ ನನಗೆ ಬೆಳಗಿದರು. ಮಾವ ಎದ್ದು ಕೈಮುಗಿದರು. ಕರಕಲು ಮಿರ್ಚಿಯೇ ಪ್ರಸಾದವಾಯಿತು. ಮಾಡಿದವರೇ ಎಲ್ಲರಿಗೂ ಹಂಚಿದರು, ಮಾವ ಕಣ್ಣಿಗೊತ್ತಿಕೊಂಡು ತಿಂದರು.

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಅಂಗಡಿಗೆ ಹೊರಟವರು ನಿಂತು, "ಅಲ್ಲ, ಕೊನೀಗೆ ಆಕಿ ಯಾರ್ನೋ ನೋಡಿ ನಕ್ಕಳಲ್ಲ, ಯಾರದು?" ಎಂದು ಕೇಳಿದರು.

"ಮಂಗಲ ಆದ ಮ್ಯಾಲೆ ಪುರಾಣ ತಿರುಗಿ ಹೇಳಂಗಿಲ್ರಿ" ಎಂದೆ ಗಾಂಭೀರ್ಯದಿಂದ. ಅವರು ಒಪ್ಪಿ ಹೋದರು.

ಗಾಡಿಯ ಸದ್ದು ಬೀದಿ ದಾಟಿದ ಮೇಲೆ ಅತ್ತೆಯವರ ಪಕ್ಕದಲ್ಲಿ ಹೋಗಿ ಕೂತೆ. "ಅತ್ತೀ, ಆಕಿ ಊಟಕ್ಕ ಕುಂತಾಗ ನನ್ನ ಕಣ್ಣಾಗ ನೀರು ಬಂದು ಮುಂದೇನೂ ಕಾಣ್ಲಿಲ್ರಿ. ಕೊನೀಗೆ ಏನಾತ್ರಿ?" ಹಿಂದಕ್ಕೆ ಹಾಕಿ ನೋಡಬಹುದಿತ್ತು, ನಿಜ. ಆದರೆ ತಿರುಗಿ ಹೇಳಬಾರದೆಂಬ ಶಾಸ್ತ್ರವನ್ನು ಆಗಷ್ಟೇ ನಾನೇ ಮಾಡಿದ್ದೆ. ಅದು ಪುರಾಣ ಹೇಳುವವರಿಗೆ, ಕೇಳಿದವರಿಗಲ್ಲ. ಹೀಗೆ ಕಾನ್ವೆಂಟಿನ ಇಂಗ್ಲಿಷಿನವಳು ಇಂಗ್ಲಿಷು ಬಾರದ ಅತ್ತೆಯವರ ಬಾಯಿಂದ ಇಂಗ್ಲಿಷ್ ಕಥೆಯ ಅಂತ್ಯವನ್ನು ಕೇಳಿ ತಿಳಿದುಕೊಂಡಳು. ಅವರ ಪ್ರಕಾರ ಕ್ಯಾಪ್ಟನ್ ಗೋಡೆಯ ಹತ್ತಿರ ಹೋಗಿ ತಪ್ಪಾಯಿತೆಂದು ಕೈಮುಗಿದಳಂತೆ. ಅಲ್ಲ ಅನ್ನಲು ನನ್ನ ಹತ್ತಿರ ಸಾಕ್ಷಿಯಿಲ್ಲ.