ಅವ್ವ ತೆಗೆದ ನಡುಪುಟ

ಸುಳ್ಳು ಹೇಳುವವರೆಲ್ಲ ಕೆಟ್ಟವರೆಂದು ತಿಳಿಯಬಾರದು, ಕೆಲವರು ಪಿಎಚ್.ಡಿ. ಮಾಡುತ್ತಿರುತ್ತಾರೆ. ನಾನು ಆರು ವರ್ಷದಿಂದ ಮಾಡುತ್ತಿದ್ದೇನೆ. ‘ಎಲ್ಲೀಗಂಟ ಬಂತಮ್ಮಿ?’ ಎಂದು ಕಿರುಗಾವಲಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಕಾಯಿಸುವವರೂ ಕೇಳುತ್ತಾರೆ, ಮದ್ದೂರಿನ ಚಿಕ್ಕಮ್ಮನೂ ಫೋನ್ ಮಾಡಿ ಕೇಳುತ್ತಾಳೆ. ‘ಇನ್ನೇನು, ಮುಗೀತು’ ಎನ್ನುವುದು ನನಗೆ ಬಾಯಿಪಾಠವಾಗಿದೆ. ನನ್ನ ವಿಷಯ ಕ್ರಿಪ್ಟೋಗ್ರಫಿ ಎಂದರೆ ಮುಂದೆ ಯಾರೂ ಕೇಳುವುದಿಲ್ಲ, ಪುಣ್ಯಕ್ಕೆ. ಅವ್ವ ಮಾತ್ರ ಕೇಳಿದ್ದಳು. ಯಾರೋ ಕಂಪ್ಯೂಟರಿನಲ್ಲಿ ಮಾರುದ್ದದ ಲೆಕ್ಕ ಮಾಡಿ ‘ಸರಿಯಾಗಿದೆ’ ಅನ್ನುತ್ತಾರೆ, ಅದನ್ನೆಲ್ಲ ಮತ್ತೆ ಮಾಡದೆ, ಅವರು ಕೊಟ್ಟ ಪುಟ್ಟ ಸಾಕ್ಷಿಯಲ್ಲಿ ಎಲ್ಲೆಂದರಲ್ಲಿ ನಾಲ್ಕು ಕಡೆ ಮುಟ್ಟಿ ನೋಡಿ ನಂಬಬೇಕು, ಸುಳ್ಳಾದರೆ ಸಿಕ್ಕಿಬೀಳಬೇಕು ಎಂದು ವಿವರಿಸಿದೆ. ಅವ್ವ ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಾ, ‘ಇದ್ಕೆ ಆರು ವರ್ಸವಾ? ಗೂಡು ತಕ್ಕೊಳೋರು ದಿನಾ ಮಾಡ್ತಾರಲ್ಲಮ್ಮಿ’ ಎಂದಳು.

ನಿಜವೇ. ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವನು ರಾಶಿಯನ್ನೆಲ್ಲ ನೋಡುವುದಿಲ್ಲ. ಮೇಲಿನದನ್ನು ಮುಟ್ಟುವುದೂ ಇಲ್ಲ, ಏಕೆಂದರೆ ಎಲ್ಲರೂ ಚೆನ್ನಾಗಿರುವುದನ್ನೇ ಮೇಲಿಡುತ್ತಾರೆ. ತಳಕ್ಕೆ ಕೈ ಹಾಕಿ ನಾಲ್ಕು ಗೂಡು ತೆಗೆದು, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೆಲೆ ಕೂಗುತ್ತಾನೆ. ಅದನ್ನರಿತ ನಮ್ಮವರು ಮೆತ್ತಗಿನ ಗೂಡನ್ನು ತಳದಲ್ಲೂ ಇಡುವುದಿಲ್ಲ. ಎಲ್ಲಿಡುತ್ತಾರೆಂದು ಇಲ್ಲಿ ಬರೆದರೆ ಅವ್ವ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಹೋದ ತಿಂಗಳು ಥೀಸಿಸ್ಸಿನ ಪ್ರತಿ ತೆಗೆಸಿಕೊಂಡು ಊರಿಗೆ ಬಂದೆ. ಸೋಮವಾರ ಒಪ್ಪಿಸಬೇಕಿತ್ತು, ಇನ್ನೊಂದು ಸಲ ಗಡುವು ಕೇಳಿದರೆ ಮುಖ ನೋಡುವುದಿಲ್ಲ ಎಂದು ಗೈಡು ಹೇಳಿಬಿಟ್ಟಿದ್ದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಮೊದಲ ಪುಟ ನೋಡಲಿಲ್ಲ, ಕೊನೆಯದೂ ನೋಡಲಿಲ್ಲ. ಸರಿಯಾಗಿ ನಡುವೆ ಹೆಬ್ಬೆರಳು ತೂರಿಸಿ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದೇನು ಯೋಳು’ ಎಂದಳು.

‘ಇಲ್ಲಿಂದ ಮುಂದಿನದು ಸುಲಭವಾಗಿ ಕಾಣುತ್ತದೆ ಅಂತ ಬರ್ದಿದೀನಿ.’

‘ಕಾಣ್ತದಾ? ಸರಿ, ತೋರ್ಸು.’

ತೋರಿಸಹೋದೆ. ಲೆಕ್ಕದಲ್ಲಿ ಎರಡು ಮೆಟ್ಟಿಲು ಹತ್ತಿದೆ, ಮೂರನೆಯದು ಇರಲೇ ಇಲ್ಲ. ಆಮೇಲೆ ನೋಡಿಕೊಂಡರಾಯಿತೆಂದು ಆ ಸಾಲನ್ನು ಮೂರು ವರ್ಷದ ಹಿಂದೆ ಅಲ್ಲಿ ಸೇರಿಸಿದವಳು ನಾನೇ. ಗೈಡು ಓದುತ್ತಾ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆಂಬ ಧೈರ್ಯ.

‘ಮೆತ್ತಗದೆ ಕಣಮ್ಮಿ,’ ಎಂದಳು ಅವ್ವ.

‘ನಿಂಗೆಂಗೆ ಗೊತ್ತಾಯ್ತವ್ವ?’

‘ನೀನು ನನ್ ಮಗಳಲ್ವಾ? ನಾನೆಲ್ಲಿ ಇಕ್ತೀನೋ ನೀನೂ ಅಲ್ಲೇ ಇಕ್ಕಿರ್ತೀಯ.’

ಗೈಡಿಗೆ ನಿಜ ಹೇಳಿದೆ. ಮುಖ ನೋಡುವುದಿಲ್ಲ ಎಂದವರು ವಿಡಿಯೋ ಕಾಲ್ ಮಾಡಿ, ಅರ್ಧ ಗಂಟೆ ಮುಖ ನೋಡಿಕೊಂಡೇ ಬೈದು, ಒಂದು ತಿಂಗಳು ಕೊಟ್ಟರು. ಆ ಒಂದು ಸಾಲು ಹನ್ನೊಂದು ಪುಟವಾಯಿತು. ಅವ್ವನ ಮೇಲೆ ಸಿಟ್ಟು ಬಂದಿದ್ದೂ ಹೌದು, ತಬ್ಬಿಕೊಂಡು ಅತ್ತಿದ್ದೂ ಹೌದು. ಮೊದಲ ಪುಟದಲ್ಲೇ ಅವಳಿಗೆ ಕೃತಜ್ಞತೆ ಬರೆದು ತೋರಿಸಿದೆ.

‘ಮೇಲ್ಗಡೆ ಯಾಕಿಕ್ದೆ? ಮೇಲಿರೋದ್ನ ಯಾರು ನಂಬ್ತಾರೆ? ನಡೂಕೆ ಆಕು,’ ಎಂದಳು.

ಹಾಕಬಹುದಿತ್ತು. ಆದರೆ ಅವ್ವನ ಹೆಸರು ಹುಡುಕಿಕೊಂಡು ಜನ ನಡುಪುಟ ತೆರೆದರೆ ನನಗೇ ಕಷ್ಟ. ‘ಸುಲಭವಾಗಿ ಕಾಣುತ್ತದೆ’ ಎನ್ನುವ ಸಾಲುಗಳು ಅಲ್ಲಿ ಇನ್ನೂ ಎರಡಿವೆ.